ಭಾವನ ಎದೆನೋವಿನ ಫೋಟೊ

ಇಡೀ ರಾಣೆಬೆನ್ನೂರಿನಲ್ಲಿ ಮನುಷ್ಯನ ಹೃದಯವನ್ನು ಕೊಯ್ಯದೆ ಹೊರತೆಗೆದು ಗೋಡೆಗೆ ನೇತುಹಾಕಿದ ಹೆಂಗಸು ನಾನೊಬ್ಬಳೇ. ಇದರಲ್ಲಿ ಅರ್ಧ ಸುಳ್ಳು. ನೇತುಹಾಕಿದ್ದು ಫೋಟೊ. ಹೃದಯ ಮಾತ್ರ ಖರೇ, ನನ್ನ ಗಂಡನ ಅಣ್ಣ ಕರಬಸಪ್ಪನದು.

ಗಂಡ ಸತ್ತ ಮೇಲೆ ಮನೆಗೆ ಹಿರಿಯ ಅವನೇ. ನನ್ನ ಮಗಳು ಅಂಜಲಿ ಅವನ ಹೈಬ್ರಿಡ್ ಬೀಜದ ಪ್ಲಾಟಿನಲ್ಲಿ ಒಂದೊಂದೇ ಟೊಮೇಟೊ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುತ್ತಿದ್ದಳು, ಕೂಲಿಯಿಲ್ಲದೆ. ಅಷ್ಟು ಚುರುಕು ಕೈ ಭೂಮಂಡಲದಲ್ಲೇ ಇಲ್ಲ. ಅದಕ್ಕೇ ಅವಳ ಮದುವೆ ಅಂದರೆ ಭಾವನಿಗೆ ಎದೆನೋವು. ಗಂಡಿನ ಕಡೆಯವರ ಕೈಗೆ ಹಿರಿಯರು ವೀಳ್ಯದೆಲೆ ಕೊಟ್ಟು ಒಪ್ಪಿಗೆ ಹೇಳಬೇಕು ಅನ್ನುವಷ್ಟರಲ್ಲಿ ಎದೆ ಹಿಡಿದು ಜಮಖಾನೆಯ ಮೇಲೆ ಉರುಳುತ್ತಿದ್ದ. ಅಪಶಕುನವೆಂದು ಬಂದವರು ಚಹಾ ಕೂಡ ಕುಡಿಯದೆ ಏಳುತ್ತಿದ್ದರು. ಹೀಗೆ ನೂರು ಸಂಬಂಧ ತಪ್ಪಿದವು. ಹೋಗಲಿ, ಮೂರು.

ಡಾಕ್ಟರು ಇಸಿಜಿ ತೆಗೆದರು, ಸರಿಯಾಗೇ ಇತ್ತು. ಆದರೂ ಒಳಗೆ ರಕ್ತನಾಳ ಕಟ್ಟಿರಬಹುದು ಎಂದರು. ಆ ಒಂದು ಮಾತು ಹಿಡಿದು ಭಾವ ವರ್ಷಗಟ್ಟಲೆ ಉರುಳಿದ. ನಾಳ ನೋಡಬೇಕೆಂದರೆ ತೊಡೆಯಿಂದ ತಂತಿ ತೂರಿಸಬೇಕು. ಅದಕ್ಕೆ ಒಲ್ಲೆ ಅನ್ನುತ್ತಿದ್ದ.

2007ರಲ್ಲಿ ಹಾವೇರಿಯ ಡಾಕ್ಟರು ಹೇಳಿದರು: ಹುಬ್ಬಳ್ಳಿಗೆ ಹೊಸ ಸ್ಕ್ಯಾನ್ ಬಂದಿದೆ, ಕೈಗೊಂದು ಇಂಜೆಕ್ಷನ್ ಸಾಕು, ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದರೆ ಬಡಿಯುವ ಹೃದಯದ ನಾಳಗಳೆಲ್ಲ ಬಣ್ಣದಲ್ಲಿ ಕಾಣುತ್ತವೆ. ಅವತ್ತೇ ಓಣಿಯ ನಡುವೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಭಾವಾರ, ತಂತಿ ಇಲ್ಲ, ಕೊಯ್ಯೂದಿಲ್ಲ. ಹೊತ್ಕೊಂಡಾದ್ರೂ ಒಯ್ದು ನಿಮ್ಮ ಎದಿ ತೋರಸ್ತೇನಿ!"

"ಬ್ಯಾಡ ಬಿಡವಾ ಉಡಚವ್ವಾ, ಈಗ ಆರಾಮ ಐತಿ."

"ಆರಾಮ ಐತಿ ಅಂದಾವ್ರ ಪಟ್ನ ಹೋಗ್ಯಾರ ನೋಡ್ರಿ."

ಇದನ್ನು ಕೇಳಿ ಅವನ ಹೆಂಡತಿ ಮಂಗಳವ್ವ ಗೊಳೋ ಎಂದು ಅತ್ತಳು. ಅಳುತ್ತಲೇ ಅವನನ್ನು ಬಸ್ಸಿಗೆ ಹತ್ತಿಸಿದಳು.

ಆ ಇಂಜೆಕ್ಷನ್ ಮೈಗೇರಿದಾಗ ಕೆಳಹೊಟ್ಟೆಯಲ್ಲಿ ಬಿಸಿ ಹರಿದಂತಾಗುತ್ತದಂತೆ. ಬಾಗಿಲ ಹೊರಗೆ ಕೂತ ನನಗೆ ಕೇಳಿಸಿತು: "ಅಯ್ಯೋ, ಉಚ್ಚಿ ಹೊಯ್ಕೊಂಡ್ನ್ಯೋ!" ನನ್ನ ಸಿಟ್ಟಿಗೆ ಅದು ಮೊದಲ ತುತ್ತು.

"ನಾಳ ಎಲ್ಲಾ ಚೊಕ್ಕ ಅದಾವು," ಎಂದರು ಅಲ್ಲಿನ ಡಾಕ್ಟರು. "ಹೃದಯದಾಗ ಏನೂ ಇಲ್ಲ."

"ಅದು ನನಗ ಮದ್ಲ ಗೊತ್ತಿತ್ರಿ. ಒಂದು ಬಣ್ಣದ ಫೋಟೊ ಕೊಡ್ರಿ, ದೊಡ್ಡದು."

ಅದಕ್ಕೆ ಗಾಜಿನ ಕಟ್ಟು ಹಾಕಿಸಿದೆ. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲ ನೋಡಿಕೊಳ್ಳುವ ಮಾಲತೇಶ ಅನ್ನುವ ಗಂಡಿನ ಮನೆಯವರನ್ನು ಬೇಕೆಂದೇ ಟೊಮೇಟೊ ಹೂ ಬಿಡುವ ಹೊತ್ತಿಗೆ ಕರೆದೆ. ಒಪ್ಪಿಗೆಯಾದರೆ ಮದುವೆಯೂ ಆ ಹಂಗಾಮಿನಲ್ಲೇ. ಪರಾಗ ಮುಟ್ಟಿಸುವ ಕೈಯಿಲ್ಲದೆ ಅವನ ಪ್ಲಾಟಿನ ಹೂವೆಲ್ಲ ದಂಡವಾಗಲಿ ಅನ್ನುವುದು ನನ್ನ ಆಸೆ.

ಬಂದವರು ಕೂತರು. ಭಾವನ ಎದುರಿನ ಗೋಡೆಯಲ್ಲೇ ಫೋಟೊ.

"ಇದ್ಯಾವ ದೇವರ್ರಿ?" ಎಂದು ಕೇಳಿದಳು ಮಾಲತೇಶನ ತಾಯಿ ಸಿದ್ದವ್ವ.

"ದೇವರಲ್ರಿ ಅಕ್ಕಾರ, ನಮ್ಮ ಭಾವಾರ ಹೃದಯ. ಇನ್ನ ನೂರು ವರ್ಷ ಏನೂ ಆಗೂದಿಲ್ಲಂತ. ಎದಿ ಹಿಡ್ಕೊಂಡು ಬಿದ್ರೂ ಯಾರೂ ಎಬ್ಬಸಾಕ ಹೋಗಬ್ಯಾಡ್ರಿ ಅಂದಾರ ಡಾಕ್ಟರು."

ಡಾಕ್ಟರು ಹಾಗೆಲ್ಲ ಹೇಳಿರಲಿಲ್ಲ. ಭಾವ ನನ್ನನ್ನು ನೋಡಿದ. ಗಂಡ ಸತ್ತಮೇಲೆ ಅವನ ಕಣ್ಣಿಗೆ ಕಣ್ಣಿಟ್ಟು ನಾನು ನಕ್ಕಿದ್ದು ಅದೇ ಮೊದಲು.

ವೀಳ್ಯದ ತಟ್ಟೆಯನ್ನು ಅವನ ಮುಂದೆ ಸರಿಸಿದೆ. ಬಲಗೈ ಎತ್ತಿದ. ಅದು ತಟ್ಟೆಗೂ ಎದೆಗೂ ನಡುವೆ ನಿಂತುಬಿಟ್ಟಿತು. ಬಾಗಿಲ ಹಿಂದಿನಿಂದ ಅಂಜಲಿ ಇಣುಕಿದಳು. ನಾನು ಆರಾಮಾಗಿ ಅಡಿಕೆ ಕತ್ತರಿಸುತ್ತಿದ್ದೆ.

ಆ ಕೈ ಎತ್ತ ಹೋಯಿತು? ನೀವೇ ಹೇಳಿ ನೋಡೋಣ.