ಇನ್ನೊಂದು ಸಲ ಒತ್ತು

ಮಾಯಮ್ಮ ಗಂಡ ಚಲುವಯ್ಯನ ಬಲಗೈ ಹೆಬ್ಬೆರಳನ್ನು ನೆಟ್ಟಗೆ ಮಾಡಲು ಮತ್ತೆ ಎಳೆದಳು. ಅದು ಬಾಗಿದ್ದು ಬಾಗಿದಂತೆಯೇ ಇತ್ತು.

“ಬುಡವ್ವ, ಅಂಗೇ ಇರ್ಲಿ,” ಎಂದಳು ಪಕ್ಕದ ಮನೆಯ ಮಾದಮ್ಮ, ಹೆಣದ ಹಣೆಗೆ ವಿಭೂತಿ ಹಚ್ಚುತ್ತ. “ಬೆಳಗ್ಗೆ ಡೇರೀಲಿ ಬಿದ್ದಾಗ್ಲೂ ಆ ಬೆರಳು ಮಿಷನ್ ಗುಂಡಿ ಮ್ಯಾಗೇ ಇತ್ತು.”

ಕೆ.ಆರ್. ಪೇಟೆಯ ನೆಂಟರು ಬಂದು ಸೇರುವಷ್ಟರಲ್ಲಿ ಹೊತ್ತು ಇಳಿದಿತ್ತು. ಚಟ್ಟ ಕಟ್ಟುತ್ತಿದ್ದರು. ಡೇರಿಯ ಅಧ್ಯಕ್ಷ ಚೌಡಯ್ಯ ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡು ಮಾಯಮ್ಮನ ಮುಂದೆ ನಿಂತ.

“ಕೇಳಕ್ಕೆ ಬಾಯಿ ಬತ್ತಾ ಇಲ್ಲ ಕಣಕ್ಕ. ಊರೋರು ಸಂಜೆ ಹಾಲು ತಂದ್ಬುಟ್ಟವ್ರೆ. ಆ ಮಿಷನ್ನು, ಕಂಪ್ಯೂಟರು, ಚಲುವಣ್ಣನ್ನ ಬುಟ್ರೆ ಪ್ರಮೀಳಂಗೇ ಗೊತ್ತಿರೋದು. ಒಸಿ ಹೊತ್ತು ಕಳ್ಸು.”

ಮಾದಮ್ಮ ಸಿಡಿದಳು. “ನಿನ್ ಬಾಯಿಗೆ ಮಣ್ಣಾಕ! ಹೆಣ ಎತ್ತಿಲ್ಲ ಇನ್ನೂವೆ. ಅಪ್ಪನ ಕಾಲ್ ತಾವ ಕುಂತಿರೋ ಮಗೀನ ಎಬ್ಬುಸ್ತೀಯಾ?” ಆಮೇಲೆ ಮಾಯಮ್ಮನ ಕಿವಿಯ ಹತ್ತಿರ ಬಗ್ಗಿ ದನಿ ಇಳಿಸಿದಳು. “ನಮ್ದೂ ಅಲ್ಲೇ ಅದೆ ಕಣವ್ವ. ಲಾರಿ ಹೊಂಟೋದ್ರೆ ಹಾಲು ಒಡೆದೋಯ್ತದೆ.”

“ಇವತ್ತೊಂದಿನ ಹಳೇ ತರ ನೋಡ್ಕಳಿ ಅಣ್ಣ,” ಎಂದಳು ಮಾಯಮ್ಮ.

“ಕಂಪ್ಯೂಟರ್ ಚೀಟಿ ಇಲ್ದೆ ಲಾರಿಯೋನು ಕ್ಯಾನೇ ಮುಟ್ಟಲ್ಲ ಕಣಕ್ಕ.”

ಪ್ರಮೀಳಾ ಎದ್ದು ನಿಂತಳು. ಮಾಯಮ್ಮ ಮಗಳ ಸೆರಗಿನ ತುದಿ ಹಿಡಿದಳು. ಊರಿಗೆ ಊರೇ ಹಾಲಿನ ಪಾತ್ರೆ ಹಿಡಿದು ನಿಂತಿರುವಾಗ ಏನೆಂದು ಬೇಡವೆನ್ನುವುದು? ಸೆರಗು ತಾನಾಗಿ ಕೈಯಿಂದ ಜಾರಿತು.

*

ಮೊದಲು ಚಲುವಯ್ಯ ಹಾಲು ನೋಡುತ್ತಿದ್ದುದು ಗಾಜಿನ ಕೊಳವೆಯಲ್ಲಿ. ತೆಳ್ಳಗಿದ್ದರೆ, “ನಿನ್ನೆಮ್ಮೆ ಕೆರೆ ನೀರ ಕುಡ್ದು ಅಂಗೇ ಕೊಟ್ಬುಡ್ತದಲ್ಲಮ್ಮಿ,” ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಮಾರನೆಯ ದಿನ ಹಾಲು ಗಟ್ಟಿಯಾಗಿರುತ್ತಿತ್ತು.

ತೊಂಬತ್ತಾರರಲ್ಲಿ ಮಿಷನ್ನು ಬಂತು. ಊರವರು ಅದಕ್ಕೆ ಕುಂಕುಮವಿಟ್ಟು ಕಾಯಿ ಒಡೆದರು. ಗುಂಡಿ ಒತ್ತಿದರೆ ಕೀಂ ಎಂದು ಕೂಗಿ, ಹಾಲಿನ ಜಿಡ್ಡು ಎಷ್ಟೆಂದು ಕೆಂಪು ಅಂಕಿಯಲ್ಲಿ ಎಲ್ಲರೆದುರಿಗೇ ತೋರಿಸುತ್ತಿತ್ತು. ಆ ಅಂಕಿಯ ಮೇಲೆಯೇ ಹಾಲಿನ ದುಡ್ಡು. ಕರೆಂಟು ಏರಿಳಿದರೆ ಅಂಕಿಯೂ ಏರಿಳಿಯುತ್ತಿತ್ತು.

“ಇನ್ನೊಂದು ಸಲ ಒತ್ತಪ್ಪ ಚಲುವಯ್ಯ,” ಎನ್ನುತ್ತಿದ್ದರು ಸಾಲಿನವರು. ಅವನು ಒತ್ತುತ್ತಿದ್ದ. ಒತ್ತಿದ್ದನ್ನೆಲ್ಲ ಕಂಪ್ಯೂಟರು ನೆನಪಿಟ್ಟುಕೊಳ್ಳುತ್ತಿತ್ತು. ಮೇಲಿನ ಆಫೀಸಿನಿಂದ ಬಂದವರು, “ಎರಡೆರಡು ಸಲ ಯಾರಿಗೋಸ್ಕರ ಒತ್ತಿದ್ದೀರಿ?” ಎಂದು ಕೇಳುತ್ತಿದ್ದರು. ಕರೆಂಟಿನ ಮಾತೆತ್ತಿದರೆ, “ಕಂಪ್ಯೂಟರ್ ಸುಳ್ಳು ಹೇಳುತ್ತೇನ್ರೀ?” ಎನ್ನುತ್ತಿದ್ದರು. ಒತ್ತಿದರೆ ಅಲ್ಲಿ ಕಳ್ಳ, ಒತ್ತದಿದ್ದರೆ ಇಲ್ಲಿ ಕಳ್ಳ.

ಚಲುವಯ್ಯನ ತಮಾಷೆ ನಿಂತುಹೋಯಿತು. ಮುದ್ದೆ ತಟ್ಟೆಯಲ್ಲೇ ಆರುತ್ತಿತ್ತು. ಮಧ್ಯಾಹ್ನ ಜಗುಲಿಯಲ್ಲಿ ಮಲಗಿದರೆ ನಿದ್ದೆಯಲ್ಲೂ ಹೆಬ್ಬೆರಳು ಚಾಪೆಯನ್ನು ಒತ್ತುತ್ತಿತ್ತು. ಮಾಯಮ್ಮ ಆ ಬೆರಳನ್ನು ಮುಷ್ಟಿಯೊಳಗೆ ಹಿಡಿದು ಕೂರುತ್ತಿದ್ದಳು.

“ಬುಟ್ಬುಡಿ ಆ ಕೆಲ್ಸವ,” ಎಂದಿದ್ದಳು ಒಂದು ದಿನ.

“ನಾನು ಎದ್ರೆ ಪ್ರಮೀಳನ್ನ ಕೂರುಸ್ತಾರೆ ಕಣಮ್ಮಿ. ಇಂಗ್ಲೀಷು ಓದಕ್ಕೆ ಬತ್ತದೆ ಅಂತ ಜತೇಲಿ ಕೂರುಸ್ಕಂಡೆ. ಅವ್ಳಿಗೆ ಅದ ಕಲಿಸ್ಬಾರ್ದಾಗಿತ್ತು.”

*

ಹೆಣ ಹೊತ್ತವರು ವಾಡಿಕೆಯಂತೆ ಊರ ಬಾಗಿಲಲ್ಲಿ ಚಟ್ಟ ಇಳಿಸಿದರು. ಡೇರಿ ಅಲ್ಲೇ. ತಮಟೆ ನಿಂತಿತು. ಒಳಗಿನಿಂದ ಕೀಂ ಎಂದಿತು.

“ಇನ್ನೊಂದು ಸಲ ಒತ್ತವ್ವ, ಕರೆಂಟು ಆಡ್ತಾ ಅದೆ,” ಎಂದು ಯಾರೋ ಬೇಡುತ್ತಿದ್ದರು.

ಮತ್ತೆ ಕೀಂ.

“ಅಪ್ಪನ ಬಾಯಿಗೆ ಹಾಲು ಬುಡು ಬಾರವ್ವ,” ಎಂದು ಮಾದಮ್ಮ ಕೂಗಿದಳು.

ಪ್ರಮೀಳಾ ಲೋಟದಲ್ಲಿ ಹಾಲು ಹಿಡಿದು ಬಂದಳು. ತುಟಿಗೆ ಬಿಟ್ಟ ಹಾಲು ಒಳಗಿಳಿಯದೆ ಗಲ್ಲದ ಮೇಲೆ ಹರಿಯಿತು. ಡೇರಿಯ ಬಾಗಿಲಲ್ಲಿ ಚೌಡಯ್ಯ ಮೆಲ್ಲಗೆ ಕೆಮ್ಮಿದ. “ಇನ್ನೂ ಜನ ಅವ್ರೆ ಕಣ್ ಮಗ.”

ಮಾಯಮ್ಮ ಮಗಳ ಬಲಗೈಯನ್ನು ತನ್ನ ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡಳು. ಚಟ್ಟ ಮೇಲೆದ್ದಿತು. ತಮಟೆ ಮತ್ತೆ ಶುರುವಾಯಿತು. ಮುಷ್ಟಿಯೊಳಗೆ, ಹಾಲಿನ ಜಿಡ್ಡು ಅಂಟಿದ್ದ ಹೆಬ್ಬೆರಳು ಒಮ್ಮೆ ಒತ್ತಿತು. ಸ್ವಲ್ಪ ತಡೆದು, ಇನ್ನೊಂದು ಸಲ ಒತ್ತಿತು.