ನಂಬರ್ ಹಾಕದ ಹುಣಸೆಮರ

ನಾನು ಒಂದು ಲ್ಯಾಪ್‌ಟಾಪ್. ಗಾಳಿಯನ್ನೂ ಸೋಸಿ ಒಳಗೆ ಬಿಡುವ ದೊಡ್ಡ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಅಲ್ಲಿ ನನ್ನನ್ನು ಮುಟ್ಟಿದವರೆಲ್ಲ ಕೈಗವಸು ತೊಟ್ಟಿದ್ದರು, ಒಂದೆಳೆ ಕೂದಲೂ ಉದುರದಂತೆ ಟೋಪಿ ಹಾಕಿಕೊಂಡಿದ್ದರು. ನನ್ನ ಹಣೆಯಲ್ಲಿ ಧೂಳು ಬರೆದಿಲ್ಲ ಎಂದೇ ನಂಬಿದ್ದೆ. ಮೊದಲ ನಾಲ್ಕು ವರ್ಷ ಆ ನಂಬಿಕೆಗೆ ಮೋಸವಾಗಲಿಲ್ಲ. ತುಮಕೂರಿನ ಒಂದು ವಿಮಾ ಕಚೇರಿಯಲ್ಲಿ, ಏಸಿಯ ಕೆಳಗೆ, ಒಂದೇ ಮೇಜಿನ ಮೇಲೆ ಹಾಯಾಗಿದ್ದೆ. ಸಂಜೆ ಮೇಡಂ ಒಬ್ಬರು ಮೆತ್ತನೆಯ ಬಟ್ಟೆಯಿಂದ ಒರೆಸಿ ಮುಚ್ಚುತ್ತಿದ್ದರು. ಕಿಟಕಿಯಾಚೆ ಏನಿದೆ ಎಂದು ಒಮ್ಮೆಯೂ ಯೋಚಿಸಿದವನಲ್ಲ.

ಕಚೇರಿಗೆ ಹೊಸ ಯಂತ್ರಗಳು ಬಂದಾಗ ನಾವು ಹಳಬರೆಲ್ಲ ರಟ್ಟಿನ ಪೆಟ್ಟಿಗೆ ಸೇರಿ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬಂದೆವು. ನನ್ನನ್ನು ಕೊಂಡವನು ಜಬೀವುಲ್ಲಾ. ಮೂವತ್ತು ದಾಟಿದ್ದ. ಸಸ್ಯಶಾಸ್ತ್ರ ಓದಿ, ಓದಿಗೆ ತಕ್ಕ ಕೆಲಸ ಸಿಗದೆ, ಗುತ್ತಿಗೆಯ ಮೇಲೆ ಸರ್ವೆ ಕೆಲಸ ಮಾಡುತ್ತಿದ್ದ. ಅಂಗಡಿಯವನು ನನ್ನ ಗುಣಗಾನ ಮಾಡುತ್ತಲೇ ಇದ್ದ. ಇವನು ಕೇಳಿದ್ದು ಒಂದೇ ಪ್ರಶ್ನೆ.

"ಬಿಸಿಲಲ್ಲಿ ಕಾಣುತ್ತಾ?"

"ಕಾಣದೆ ಏನು ಸಾರ್" ಅಂದ ಅಂಗಡಿಯವನು. ಶುದ್ಧ ಸುಳ್ಳು. ನನ್ನ ಪರದೆಗೆ ಬಿಸಿಲನ್ನು ಎದುರಿಸುವ ತಾಕತ್ತಿಲ್ಲ ಎಂಬುದು ನನಗೂ ಗೊತ್ತಾದದ್ದು ಮರುವಾರವೇ.

ಜಬೀವುಲ್ಲಾನ ಕೆಲಸ ಹೀಗಿತ್ತು. ತುಮಕೂರಿನಿಂದ ಉತ್ತರಕ್ಕೆ ಹೋಗುವ ರಸ್ತೆಯೊಂದನ್ನು ಅಗಲ ಮಾಡಬೇಕಿತ್ತು. ಅದಕ್ಕಾಗಿ ಕಡಿಯಬೇಕಾಗುವ ಮರಗಳನ್ನೆಲ್ಲ ಮೊದಲು ಪಟ್ಟಿ ಮಾಡಬೇಕು. ಅವನು ಎದೆಯೆತ್ತರದಲ್ಲಿ ಟೇಪು ಸುತ್ತಿ ಸುತ್ತಳತೆ ನೋಡುತ್ತಿದ್ದ, ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ನಂಬರ್ ಬರೆಯುತ್ತಿದ್ದ, ಆಮೇಲೆ ಮರದ ಹೆಸರು, ಅಳತೆ, ಜಾಗ ಎಲ್ಲವನ್ನೂ ನನ್ನೊಳಗೆ ತುಂಬುತ್ತಿದ್ದ. ಒಂದು ಮರಕ್ಕೆ ಒಂದು ಸಾಲು.

ಮೊದಲ ದಿನ ನನ್ನನ್ನು ಬೈಕಿನ ಸೀಟಿನ ಮೇಲಿಟ್ಟು ತೆರೆದ. ಅವನಿಗೆ ಕಂಡದ್ದು ಅವನದೇ ಮುಖ ಮತ್ತು ಅವನ ಬಿಳಿ ಅಂಗಿ. ಬೆಳಕು ಪೂರ್ತಿ ಹೆಚ್ಚಿಸಿದ. ನಾನು ಉಸಿರು ಬಿಗಿಹಿಡಿದು ಹೊಳೆದೆ. ಇಪ್ಪತ್ತು ನಿಮಿಷಕ್ಕೆ ಮೈ ಕಾದು, ಫ್ಯಾನು ಅರಚಿಕೊಂಡು, ಎಚ್ಚರ ತಪ್ಪಿ ಬಿದ್ದೆ. ಮಾರನೆಯ ದಿನದಿಂದ ಅವನು ಕಡುಗಂದು ಅಂಗಿ ಹಾಕಿಕೊಂಡು ಬಂದ, ತನ್ನ ಪ್ರತಿಬಿಂಬ ಪರದೆಯ ಮೇಲೆ ಬೆಳ್ಳಗೆ ಬೀಳದಿರಲೆಂದು. ಬಿಸ್ಕತ್ತಿನ ರಟ್ಟಿನ ಡಬ್ಬದ ಒಂದು ಮಗ್ಗುಲು ಕೊಯ್ದು ನನಗೆ ಗೂಡು ಮಾಡಿದ. ಆ ಗೂಡಿನೊಳಗೆ ತಲೆ ತೂರಿಸಿ ಕೂತವನನ್ನು ಕಂಡು ಬಸ್ಸಿನ ಜನ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನಗುತ್ತಿದ್ದರು. ಕೆಳಗಿನಿಂದ ಗಾಳಿಯಾಡಲಿ ಎಂದು ಎರಡು ಇಟ್ಟಿಗೆಯ ಮೇಲೆ ನನ್ನನ್ನು ಕೂರಿಸುತ್ತಿದ್ದ. ಬ್ಯಾಟರಿ ಮುಗಿದರೆ ಹತ್ತಿರದ ಊರಿನ ಕ್ಷೌರದಂಗಡಿಗೆ ಓಡುವುದು, ಅಲ್ಲಿ ಕರೆಂಟ್ ಇದ್ದರೆ ಪುಣ್ಯ, ಇಲ್ಲದಿದ್ದರೆ ಕನ್ನಡಿಯ ಮುಂದೆ ಕೂತು ಕಾಯುವುದು. ಒಂದೇ ಮೇಜಿನ ಮೇಲೆ ನಾಲ್ಕು ವರ್ಷ ಕೂತಿದ್ದ ನಾನು ಈಗ ದಿನಕ್ಕೆ ನಲವತ್ತು ಸಲ ತೆರೆದು ಮುಚ್ಚಿ, ಏರಿ ಇಳಿದು, ಒಂದು ಕಡೆ ನಿಂತವನಲ್ಲ.

ಊರಿನ ದಾರಿ ಹೆದ್ದಾರಿಗೆ ಕೂಡುವ ಕರೇಕಲ್ಲು ಗೇಟ್ ಎಂಬಲ್ಲಿಗೆ ಬಂದಾಗ ಮಾತ್ರ ನಮಗೆ ನೆಲೆ ಸಿಕ್ಕಿತು. ಅಲ್ಲೊಂದು ಹುಣಸೆಮರವಿತ್ತು. ಅದರ ಕಾಂಡ ಎಷ್ಟು ದಪ್ಪವೆಂದರೆ ಸೂರ್ಯ ಯಾವ ಕಡೆಗಿದ್ದರೂ ಅದರ ಇನ್ನೊಂದು ಮಗ್ಗುಲಲ್ಲಿ ಒಬ್ಬ ಮನುಷ್ಯ, ಒಂದು ಲ್ಯಾಪ್‌ಟಾಪ್ ಧಾರಾಳವಾಗಿ ಅಡಗಬಹುದಿತ್ತು. ಜಬೀವುಲ್ಲಾ ಸುತ್ತಲಿನ ನಾಲ್ಕು ಮೈಲಿಯ ಮರಗಳನ್ನು ಕಾಗದದಲ್ಲಿ ಗುರುತು ಹಾಕಿಕೊಂಡು ಬಂದು, ಇಲ್ಲಿ ಕೂತು ನನ್ನೊಳಗೆ ತುಂಬತೊಡಗಿದ. ಬೆಳಿಗ್ಗೆ ಮರದ ಪಡುವಣಕ್ಕೆ, ಮಧ್ಯಾಹ್ನ ಬಡಗಣಕ್ಕೆ, ಸಂಜೆ ಮೂಡಣಕ್ಕೆ. ನೆರಳು ಸರಿದಂತೆ ನಾವೂ ಸರಿಯುತ್ತಿದ್ದೆವು. ಹುಣಸೆಯ ಸಣ್ಣ ಎಲೆಗಳು ಉದುರಿ ನನ್ನ ಕೀಲಿಗಳ ಸಂದಿಯಲ್ಲಿ ಸೇರಿಕೊಂಡವು. ಇರುವೆಗಳು ಅವುಗಳ ಹಿಂದೆಯೇ ಬಂದವು. ನಾನು ಗೊಣಗುತ್ತಿದ್ದೆ. ಆದರೆ ನಿಜ ಹೇಳಬೇಕೆಂದರೆ ನನ್ನ ಮುಖ ಅವನಿಗೆ ಸರಿಯಾಗಿ ಕಂಡದ್ದು ಆ ಮರದ ಕೆಳಗೆ ಮಾತ್ರ.

ಅದೇ ಮರದಡಿ ಓಬಳಮ್ಮ ರಾಗಿ ಅಂಬಲಿ ಮತ್ತು ಮಜ್ಜಿಗೆ ಮಾರುತ್ತಿದ್ದಳು. ಅರವತ್ತರ ಹೆಂಗಸು, ಮಾತಿನಲ್ಲಿ ಚುರುಕು. ಎರಡು ದಿನ ಸುಮ್ಮನೆ ನೋಡಿ, ಮೂರನೆಯ ದಿನ ಕೇಳಿದಳು.

"ಏನ್ ಸಾಬ್ರೆ, ದಿನಾ ನಮ್ಮ ಮರಕ್ಕೆ ಪ್ರದಕ್ಷಿಣೆ ಹಾಕ್ತಾ ಇದೀರ. ಹರಕೆ ಏನಾರ ಕಟ್ಕಂಡಿದೀರ?"

"ಹರಕೆ ಏನಿಲ್ಲಮ್ಮ. ಇದರ ಮುಖ ಕಾಣ್ಬೇಕಲ್ಲ, ಅದಕ್ಕೆ" ಎಂದು ಅವನು ನನ್ನನ್ನು ತೋರಿಸಿದ.

ಅಂದಿನಿಂದ ಅವಳು 'ಸಾಬ್ರೆ' ಬಿಟ್ಟು 'ಅಪ್ಪ' ಅನ್ನತೊಡಗಿದಳು. ಮಧ್ಯಾಹ್ನ ಒಂದು ಲೋಟ ಅಂಬಲಿ ತಾನಾಗಿಯೇ ಬರುತ್ತಿತ್ತು. ಅವನು ಲೋಟವನ್ನು ನನ್ನ ಪಕ್ಕದಲ್ಲಿ ಇಟ್ಟಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಹತ್ತನೆಯ ದಿನ ಆ ಭಾಗದ ಮರಗಳೆಲ್ಲ ಮುಗಿದವು. ನೂರ ಎಂಬತ್ತಾರನೆಯ ನಂಬರ್ ಪಕ್ಕದ ಬೇವಿನಮರಕ್ಕೆ ಬಿತ್ತು. ಇನ್ನು ಉಳಿದದ್ದು ನಾವು ಕೂತಿದ್ದ ಮರವೊಂದೇ. ಜಬೀವುಲ್ಲಾ ಬಣ್ಣದ ಡಬ್ಬ ಹಿಡಿದು ಎದ್ದ. ಓಬಳಮ್ಮ ಸೌಟು ಕೆಳಗಿಟ್ಟಳು.

"ಇದಕ್ಕೆ ಬಣ್ಣ ಬಳೀಬ್ಯಾಡ ಕಣಪ್ಪ."

"ಆಗಲ್ಲಮ್ಮ. ಒಂದು ಬಿಟ್ರೂ ತಪ್ಪಾಗುತ್ತೆ."

"ನೀನು ಬರೆದ್ರೆ ತಾನೇ ಅವರು ಕಡಿಯೋದು? ನಮ್ಮತ್ತೆ ಕಾಲದಿಂದ ಇಲ್ಲೇ ಕುಂತಿದೀವಿ. ಹತ್ತು ದಿನ ನೀನೂ ಇದರ ನೆರಳಲ್ಲೇ ಕುಂತು ಬರ್ದ್ಯಲ್ಲಪ್ಪ."

ಅವಳು ಅಷ್ಟೇ ಹೇಳಿ ಮಜ್ಜಿಗೆ ಕಡೆಯಲು ಕೂತಳು. ಅವನು ಮರವನ್ನು ಒಮ್ಮೆ ನೆತ್ತಿಯವರೆಗೆ ನೋಡಿದ. ಆಮೇಲೆ ಬಣ್ಣದ ಡಬ್ಬ ಮುಚ್ಚಿದ. ನೂರ ಎಂಬತ್ತೇಳನೆಯ ಸಾಲಿನಲ್ಲಿ ಮುಂದಿನ ಊರಿನ ಹೊಂಗೆಮರ ಬಂದು ಕೂತಿತು. ನನಗೆ ಗೊತ್ತಿತ್ತು, ನಡುವೆ ಒಂದು ಮರ ತಪ್ಪಿದೆ ಎಂದು. ನನಗೆ ಸ್ಪೀಕರ್ ಇದೆಯೇ ಹೊರತು ಬಾಯಿಲ್ಲ. ಇದ್ದಿದ್ದರೂ ಆ ದಿನ ನಾನು ಸುಮ್ಮನಿರುತ್ತಿದ್ದೆ. ಒಂದು ಮರ ಉಳಿಯಿತಲ್ಲ ಎಂದು ನನಗೂ ಖುಷಿಯಾಗಿತ್ತು.

ಪಟ್ಟಿಯಲ್ಲಿ ಒಟ್ಟು ನಾನೂರ ಹನ್ನೆರಡು ಮರಗಳಾದವು. ಅದನ್ನು ಅಲ್ಲಲ್ಲಿ ಅಂಟಿಸಿದರು, ಆಕ್ಷೇಪಣೆ ಇದ್ದವರು ಬಂದು ಹೇಳಬಹುದು ಎಂದು ದಿನ ಗೊತ್ತು ಮಾಡಿದರು. ಸಭೆಗೆ ಜಬೀವುಲ್ಲಾನನ್ನೂ ಕರೆದಿದ್ದರು, ಕೇಳಿದ ನಂಬರನ್ನು ತೆಗೆದು ತೋರಿಸಲು. ನಾನು ಅವನ ತೊಡೆಯ ಮೇಲಿದ್ದೆ. ಸುತ್ತಲಿನ ಊರುಗಳಿಂದ ಅಷ್ಟೊಂದು ಜನ ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಶಾಲೆಯ ಮೇಷ್ಟ್ರೊಬ್ಬರು ತಮ್ಮ ಶಾಲೆಯ ಮುಂದಿನ ಆಲದ ನಂಬರ್ ಹೇಳಿದರು. ಹೂವಿನವಳೊಬ್ಬಳು ನೂರ ಎಂಬತ್ತಾರು ಅಂದಳು. ಸಭೆ ನಡೆಸುತ್ತಿದ್ದ ಅಧಿಕಾರಿ ಒಂದೊಂದನ್ನೂ ನನ್ನ ಪರದೆಯಲ್ಲಿ ನೋಡಿದರು, ನಕಾಶೆ ನೋಡಿದರು, ರಸ್ತೆಯನ್ನು ಒಂದಷ್ಟು ಸರಿಸಿದರೆ ಇದು ಉಳಿಯುತ್ತೆ ಎಂದು ಕೆಂಪು ಗುರುತು ಹಾಕುತ್ತ ಹೋದರು. ಇಪ್ಪತ್ತೊಂಬತ್ತು ಮರಗಳು ಹಾಗೆ ಉಳಿದವು.

ಒಗೆದ ಸೀರೆ ಉಟ್ಟು ಓಬಳಮ್ಮನೂ ಬಂದಿದ್ದಳು. ಎಲ್ಲರೂ ಮಾತಾಡಿದ್ದು ಕಂಡು ಅವಳೂ ಎದ್ದಳು.

"ಸಾಮಿ, ಕರೇಕಲ್ಲು ಗೇಟಿನ ಹುಣಸೆಮರ."

"ನಂಬರ್ ಎಷ್ಟಮ್ಮ?"

"ನಂಬರ್ ಇಲ್ಲ ಸಾಮಿ."

ಅಧಿಕಾರಿ ಜಬೀವುಲ್ಲಾನ ಕಡೆ ನೋಡಿದರು. ಅವನ ಬೆರಳುಗಳು ನನ್ನ ಮೇಲೆ ನಿಂತುಬಿಟ್ಟವು. ನೂರ ಎಂಬತ್ತಾರು, ನೂರ ಎಂಬತ್ತೇಳು. ಅವನ ಬೆವರು ನನ್ನ ಕೀಲಿಗಳಿಗೆ ಹತ್ತಿತು. ಬಿಟ್ಟಿದ್ದೇನೆ ಎಂದು ಅಲ್ಲಿ ಎದ್ದು ಹೇಳಿದರೆ ಸುಳ್ಳು ಪಟ್ಟಿ ಕೊಟ್ಟವನಾಗುತ್ತಾನೆ, ಗುತ್ತಿಗೆ ಹೋಗುತ್ತದೆ, ಮುಂದೆ ಯಾರೂ ಕರೆಯುವುದಿಲ್ಲ.

"ಪಟ್ಟಿಯಲ್ಲಿ ಇಲ್ಲ ಸಾರ್" ಅಂದ.

"ಪಟ್ಟಿಯಲ್ಲೇ ಇಲ್ಲ ಅಂದ್ಮೇಲೆ ನಾನೇನು ಉಳಿಸ್ಲಿ ತಾಯಿ? ಕಡಿಯೋ ಮರಗಳೇ ಇವು. ನಿಮ್ಮದು ಇದರಲ್ಲಿಲ್ಲ, ನೆಮ್ಮದಿಯಾಗಿ ಮನೆಗೆ ಹೋಗಿ."

ಅಧಿಕಾರಿಯ ಮಾತಿನಲ್ಲಿ ಕೇಡಿರಲಿಲ್ಲ. ಓಬಳಮ್ಮ ಸಂತೋಷವಾಗಿಯೇ ಕೈಮುಗಿದಳು, ಹೋಗುವಾಗ ಜಬೀವುಲ್ಲಾನ ಭುಜ ಮುಟ್ಟಿ ಹೋದಳು. ಮರ ನಿಂತಿರುವುದು ಹೊಸ ರಸ್ತೆಯ ಹಾದಿಯಲ್ಲೇ ಎಂದು ಗೊತ್ತಿದ್ದ ಅವನು ತಲೆ ಎತ್ತಲಿಲ್ಲ. ನನ್ನನ್ನು ಮುಚ್ಚಿ ಚೀಲಕ್ಕೆ ಹಾಕಿದ.

ಆಮೇಲಿನ ದಿನಗಳಲ್ಲಿ ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬೇರೆ ಕೆಲಸಕ್ಕೆ ಕೂತರೂ ಅದೇ ಪಟ್ಟಿಯನ್ನು ತೆರೆಯುವುದು, ಅದೇ ಎರಡು ಸಾಲುಗಳ ನಡುವೆ ಬಂದು ನಿಲ್ಲುವುದು, ಮುಚ್ಚುವುದು. ಒಂಬತ್ತನೆಯ ದಿನ ಬೈಕಿನ ಮೇಲೆ ನನ್ನನ್ನು ಹಾಕಿಕೊಂಡು ಕರೇಕಲ್ಲಿಗೆ ಹೊರಟ.

ದೂರದಿಂದಲೇ ಗೊತ್ತಾಯಿತು. ಆ ಜಾಗದಲ್ಲಿ ಆಕಾಶ ಸುಮ್ಮನೆ ಹೆಚ್ಚಾಗಿತ್ತು. ಕೆಂಪು ಗುರುತಿನ ನೂರ ಎಂಬತ್ತಾರನೆಯ ಬೇವು ತನ್ನ ಪಾಡಿಗೆ ನಿಂತಿತ್ತು. ಉಳಿದ ನಂಬರಿನ ಮರಗಳೂ ನಿಂತಿದ್ದವು, ಅವುಗಳ ಅಪ್ಪಣೆ ಇನ್ನೂ ಬಂದಿರಲಿಲ್ಲ. ನಂಬರಿಲ್ಲದ ಹುಣಸೆಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಲೆಕ್ಕದಲ್ಲೇ ಇಲ್ಲದ ಮರವನ್ನು ಕಡಿದವರನ್ನು ಕೇಳುವುದಕ್ಕೂ ಯಾರಿಲ್ಲ. ಮರದ ಬುಡ ಮಾತ್ರ ಕೆಂಪಗೆ ಉಳಿದಿತ್ತು.

ಓಬಳಮ್ಮ ಬೇವಿನ ಮರಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಕೂತಿದ್ದಳು. ಅವನನ್ನು ಕಂಡು ಅಂಬಲಿ ಬಗ್ಗಿಸಿದಳು.

"ರಸ್ತೆ ಕಂಟ್ರಾಕ್ಟರ್ ಕಡೆಯೋರು ಲಾರಿ ತಂದು ಹೊತ್ಕಂಡು ಹೋದ್ರು ಕಣಪ್ಪ. ಕೇಳಿದ್ದಕ್ಕೆ, ಇದು ಪಟ್ಟೀಲಿಲ್ಲ, ನಿಂದೇನು ಅಂದ್ರು." ಲೋಟವನ್ನು ಅವನ ಕೈಗಿಟ್ಟು, "ನಾನೇ ಬ್ಯಾಡ ಅಂದೆ. ನನ್ನ ಬಾಯಿಗೆ ಬೆಂಕಿ ಬೀಳ" ಅಂದಳು.

"ನೀವು ಕೇಳಿದ್ರಿ ಅಷ್ಟೇ ಅಮ್ಮ. ಆವತ್ತು ಎದ್ದು ಹೇಳ್ಬೇಕಾಗಿದ್ದವನು ನಾನು."

ಅವನು ಬುಡದ ಮೇಲೆ ಕೂತು ಅತ್ತ. ಗಂಡಸು ಹಾಗೆ ಅಳುವುದನ್ನು ನಾನು ವಿಮಾ ಕಚೇರಿಯಲ್ಲಿ ಕಂಡಿರಲಿಲ್ಲ. ಆಮೇಲೆ ನನ್ನನ್ನು ತೆರೆದ. ನೆತ್ತಿಯ ಬಿಸಿಲು, ರಟ್ಟಿನ ಗೂಡೂ ಇರಲಿಲ್ಲ. ಅವನಿಗೆ ನನ್ನ ಮುಖ ಒಂದಿಷ್ಟೂ ಕಾಣುತ್ತಿರಲಿಲ್ಲ. ಬೆರಳಿನ ರೂಢಿಯ ಮೇಲೆ ಕಡೆಯ ಸಾಲಿಗೆ ಬಂದು ಹೊಸದೊಂದು ಸಾಲು ಸೇರಿಸಿದ. ನಾನೂರ ಹದಿಮೂರು. ಹುಣಸೆ. ಸುತ್ತಳತೆಯ ಜಾಗದಲ್ಲಿ ನಿಂತುಬಿಟ್ಟ. ಎದೆಯೆತ್ತರದಲ್ಲಿ ಅಳೆಯಲು ಅಲ್ಲಿ ಏನೂ ಇರಲಿಲ್ಲ.

"ಮೂರಾಳು ತಬ್ಬಬೇಕಿತ್ತು" ಅಂದಳು ಓಬಳಮ್ಮ.

ಅವನು ಹಾಗೆಯೇ ಬರೆದ. ಆ ಪಟ್ಟಿಯನ್ನು ಅವನು ಯಾರಿಗೆ ಕಳಿಸಿದ, ಏನಾಯಿತು ಎಂಬುದನ್ನೂ ಹೇಳುತ್ತೇನೆ. ತಪ್ಪೊಪ್ಪಿಗೆಯ ಪತ್ರದ ಜೊತೆ ಅಧಿಕಾರಿಗೆ ಕಳಿಸಿದ. ಗುತ್ತಿಗೆ ಹೋಯಿತು. ಒಂದೂವರೆ ವರ್ಷ ಅವನಿಗೆ ಸರ್ವೆ ಕೆಲಸ ಸಿಗಲಿಲ್ಲ. ಮರವೂ ಬರಲಿಲ್ಲ.

ಈಗ ನಾನು ಅವನ ಮನೆಯ ಬೀರುವಿನ ಮೇಲೆ, ಹಳೆಯ ಪೇಪರುಗಳ ಕೆಳಗೆ ಮಲಗಿದ್ದೇನೆ. ಕೀಲು ಮುರಿದಿದೆ, ಬ್ಯಾಟರಿ ಉಬ್ಬಿದೆಯೆಂದು ತೆಗೆದು ಬಿಸಾಡಿದ್ದಾರೆ. ನೆರಳಿದೆ, ತಂಪಿದೆ, ಧೂಳಂತೂ ಬೇಕಾದಷ್ಟಿದೆ. ಕೂತಲ್ಲಿ ಕೂರುವ ಸುಖ ಮತ್ತೆ ಸಿಕ್ಕಿದೆ, ಅದು ನನಗೆ ಹಿಡಿಸುತ್ತಿಲ್ಲ. ಒಳ್ಳೆಯದು ಮಾಡಲು ಹೋಗಿ ನಾವಿಬ್ಬರೂ ಸೇರಿ ಒಂದು ಮರವನ್ನು ಇಲ್ಲವೆನಿಸಿದೆವು. ಇಲ್ಲದ್ದನ್ನು ಉಳಿಸಿಕೊಡಿ ಎಂದು ಯಾರೂ ಕೇಳಲಾರರು. ಇಷ್ಟು ತಿಳಿಯಲು ನನಗೆ ಇಡೀ ಆಯಸ್ಸು ಬೇಕಾಯಿತು. ಅವನಿಗೆ ಮೊದಲೇ ತಿಳಿದಿತ್ತು ಅನ್ನುವುದು ನನ್ನ ಕಡೆಯ ಕೆಲಸದ ದಿನ ಗೊತ್ತಾಯಿತು.

ಅದು ಬೇರೆ ರಸ್ತೆ, ಬೇರೆ ತಾಲ್ಲೂಕು. ಬೆಳಿಗ್ಗೆ ಅವನು ನೆರಳು ಹುಡುಕಿ ಒಂದು ಗೋಣಿಮರದ ಕೆಳಗೆ ಇಟ್ಟಿಗೆ ಜೋಡಿಸಿದ, ನನ್ನನ್ನು ಕೂರಿಸಿದ. ಆದರೆ ಕೂರಲಿಲ್ಲ. ಟೇಪು ತೆಗೆದುಕೊಂಡು ಮೊದಲು ಆ ಗೋಣಿಮರವನ್ನೇ ಅಳೆದ, ಬಣ್ಣದ ಡಬ್ಬ ತೆರೆದು ಅದರ ಕಾಂಡದ ಮೇಲೆ ದೊಡ್ಡದಾಗಿ ಒಂದು ಎಂದು ಬರೆದ. ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಓಡಿ ಬಂದ.

"ಸಾಮಿ, ಇದೊಂದು ಮರ ಬಿಟ್ಬುಡಿ. ಇನ್ನೇನಾರ ಬರ್ಕಳಿ."

"ಬಿಡಲ್ಲ ತಾತ" ಅಂದ ಜಬೀವುಲ್ಲಾ. "ಬಿಟ್ರೆ ಹೋಗುತ್ತೆ. ಸಭೆ ಅಂತ ಕರೀತಾರೆ, ಆವತ್ತು ಬಂದು ಈ ನಂಬರ್ ಹೇಳಿ. ಒಂದು. ಮರೀಬೇಡಿ."

ಮುದುಕನಿಗೆ ಅದು ಕೇಳಿಸಲೇ ಇಲ್ಲ. ಹಸಿ ಬಣ್ಣವನ್ನು ನೋಡಿದ, ಇವನ ಮುಖ ನೋಡಿದ. "ನೆರಳಲ್ಲಿ ಕುಂತು ಮರ ಕಡಿಸೋ ಪಾಪಿ" ಎಂದು ನೆಲಕ್ಕೆ ಉಗಿದು ಕುರಿಗಳ ಹಿಂದೆ ಹೊರಟ. ಜಬೀವುಲ್ಲಾ ಅವನ ಹಿಂದೆಯೇ ಹೋಗಿ, ಒಂದು ಚೀಟಿಯಲ್ಲಿ ಆ ನಂಬರ್ ಬರೆದು ಮುದುಕನ ಜೇಬಿಗೆ ತುರುಕಿ ಬಂದ. ಆಮೇಲೆ ಕೈ ಒರೆಸಿಕೊಂಡು ಕೂತು ಎರಡನೆಯ ಸಾಲು ಶುರುಮಾಡಿದ.