ಮೃತ್ಯುಂಜಯನ ಹಲ್ಲು ಮತ್ತು ಕರೆಂಟ್ ಬ್ರಶ್ಶು

ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ಪುಷ್ಪಾಳಿಗೆ ಗಂಡನ ಮೇಲೆ ಸಿಟ್ಟು ಬರದ ದಿನಗಳು ಕಡಿಮೆಯೇ. ಆದರೂ ಅವನು ಹಲ್ಲುಜ್ಜುವಾಗ ಬಂದಷ್ಟು ಸಿಟ್ಟು ಬೇರೆ ಯಾವುದಕ್ಕೂ ಬಂದದ್ದಿಲ್ಲ. ಮೃತ್ಯುಂಜಯ ಹಲ್ಲುಜ್ಜುತ್ತಿರಲಿಲ್ಲ, ಮಸಿ ಹಿಡಿದ ಹಂಡೆ ತಿಕ್ಕುತ್ತಿದ್ದ. ಹೊಸ ಬ್ರಶ್ಶು ಹದಿನೈದು ದಿನಕ್ಕೆ ಕೆದರಿಹೋಗುತ್ತಿತ್ತು. ಉಗಿದರೆ ರಕ್ತ. ಕೊನೆಗೆ ಅವಳೇ ಬೈದು ಸಕಲೇಶಪುರಕ್ಕೆ ಎಳೆದುಕೊಂಡು ಹೋದಳು.

ಹಲ್ಲಿನ ಡಾಕ್ಟರು ಮೇಲಿನ ಕೋರೆಹಲ್ಲನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿದರು. "ವಸಡು ಹಾಳಾಗಿದೆ. ಕರೆಂಟ್ ಬ್ರಶ್ ತಗೊಳ್ಳಿ. ಒತ್ತಬೇಡಿ, ಒತ್ತಿದ್ರೆ ನಿಂತುಬಿಡುತ್ತೆ. ಗಟ್ಟಿ ಏನನ್ನೂ ಕಚ್ಚಬೇಡಿ. ಒಂದು ತಿಂಗಳು ನೋಡೋಣ, ಆಗಲಿಲ್ಲ ಅಂದ್ರೆ ಈ ಹಲ್ಲು ತೆಗೀಬೇಕಾಗುತ್ತೆ."

ಅದು ಅಂತಿಂಥ ಹಲ್ಲಲ್ಲ. ಅವರ ಊರು ಮಗ್ಗೆಯ ಸುತ್ತಿನ ಕಣಗಳಲ್ಲಿ ಕಾಫಿ ಒಣಗಿತೋ ಇಲ್ಲವೋ ಎಂದು ತಿಳಿಯುವುದೇ ಕಚ್ಚಿ ನೋಡಿ. ಸಿಪ್ಪೆ ಸುಲಿದ ಬೀಜದಲ್ಲಿ ಹಲ್ಲು ಊರಿದರೆ ಇನ್ನೂ ಹಸಿ, ಊರದಿದ್ದರೆ ಚೀಲಕ್ಕೆ ತುಂಬಬಹುದು. ತೇವ ಅಳೆಯುವ ಮೀಟರು ಇಟ್ಟುಕೊಂಡವರೂ ಕೊನೆಗೆ ಆ ಹಲ್ಲಿನಲ್ಲಿ ಕಚ್ಚಿ ಹೇಳುವ ಮೃತ್ಯುಂಜಯನ ಮಾತಿಗೇ ಕಾಯುತ್ತಿದ್ದರು. ಆ ಹೆಮ್ಮೆ ಅವನಿಗೆ ತನ್ನ ಎರಡೆಕರೆ ತೋಟಕ್ಕಿಂತ ದೊಡ್ಡದು. ಅದು ಗೊತ್ತಿದ್ದೇ ಪುಷ್ಪಾ ಆ ಹಲ್ಲನ್ನು ಉಳಿಸಲು ಹಟ ಹಿಡಿದದ್ದು.

ಬ್ರಶ್ಶು ಬಂತು. ಬಾಯಿಗಿಟ್ಟವನೇ ಹಳೇ ಚಾಳಿಯಂತೆ ಗಸಗಸ ಎಳೆದಾಡಿದ. ಬ್ರಶ್ಶು ನಿಂತುಬಿಟ್ಟಿತು.

"ನೋಡೇ, ಒಂದಿನಕ್ಕೇ ಕೆಟ್ಟೋಗ್ಬುಡ್ತು."

"ಕೆಟ್ಟಿಲ್ಲ ಕಣ್ರೀ! ಒತ್ತಿದ್ರೆ ನಿಲ್ತದೆ ಅಂತ ಡಾಕ್ಟ್ರು ಬಡ್ಕಂಡ್ರಲ್ಲ. ಸುಮ್ನೆ ಹಿಡ್ಕಳಿ."

"ಸುಮ್ನೆ ಹಿಡ್ಕಂಡ್ರೆ ಉಜ್ದಂಗಾಯ್ತದಾ?"

"ಅದೇ ಉಜ್ತದೆ. ಕೈಗೆ ಕೆಲ್ಸ ಬೇಕಂದ್ರೆ ಹಿತ್ಲಲ್ಲಿ ಪಾತ್ರೆ ಅವೆ, ತಿಕ್ಕಿ."

ಅಂದಿನಿಂದ ದಿನಾ ಬೆಳಿಗ್ಗೆ ಅವನ ಮೊಣಕೈ ಹಿಡಿದು ನಿಲ್ಲುವುದು ಅವಳ ಪಾಲಿನ ಕರ್ಮವಾಯಿತು. ಒಮ್ಮೆ ಚಾರ್ಜಿಲ್ಲವೆಂಬ ನೆಪದಲ್ಲಿ ಎಲ್ಲೋ ಬಚ್ಚಿಟ್ಟಿದ್ದ ಹಳೇ ಬ್ರಶ್ಶು ತೆಗೆದ. ಅವಳು ಅದನ್ನು ಕಿತ್ತು ಬಚ್ಚಲೊಲೆಗೆ ಹಾಕಿದಳು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ಬ್ರಶ್ಶಾದರೂ ಸುಡಲಿ! ಇಪ್ಪತ್ತು ದಿನಕ್ಕೆ ರಕ್ತ ನಿಂತಿತು. ಅವಳಿಗೆ ಒಳಗೊಳಗೇ ಖುಷಿಯಾದರೂ, ತೋರಿಸಿಕೊಂಡರೆ ಇವನು ಸಡಿಲ ಬಿಡುತ್ತಾನೆಂದು ಮುಖ ಗಂಟಿಕ್ಕಿಕೊಂಡೇ ಇದ್ದಳು.

ಇಪ್ಪತ್ತೆಂಟನೇ ದಿನ ಪಕ್ಕದ ತೋಟದ ದಯಾನಂದ ಅಂಗೈ ತುಂಬ ಕಾಫಿ ಬೀಜ ಹಿಡಿದು ಬಂದ. "ಅಣ್ಣಾ, ಒಂಚೂರು ನೋಡಿ. ನಾಳೆ ಚೀಲಕ್ಕೆ ತುಂಬಾನ ಅಂತಿವ್ನಿ."

"ಕಚ್ಚಬ್ಯಾಡ್ರೀ!" ಎಂದು ಪುಷ್ಪಾ ಒಲೆಯ ಮುಂದಿನಿಂದಲೇ ಕೂಗಿದಳು. ಓಡಿ ಬರುವಷ್ಟರಲ್ಲಿ ಆಗುವುದು ಆಗಿಹೋಗಿತ್ತು. ಮೃತ್ಯುಂಜಯ ಅಂಗೈಗೆ ಉಗಿದ ಬೀಜದ ಜೊತೆಗೆ ಹಲ್ಲೂ ಇತ್ತು.

"ಒಣಗೈತೆ ಕಣೋ," ಎಂದ, ತುಟಿ ಕೆಂಪಾಗಿದ್ದರೂ ಗತ್ತು ಬಿಡದೆ. "ಕಲ್ಲಾಗೈತೆ. ಹಲ್ಲೇ ಬಂದ್ಬುಡ್ತು ನೋಡು."

ಇನ್ನೆರಡು ದಿನ ತಡೆಯಲಾಗಲಿಲ್ಲವೇ ಈ ಮನುಷ್ಯನಿಗೆ! ಪುಷ್ಪಾ ದಯಾನಂದನ ಕೈಯಿಂದ ಒಂದು ಬೀಜ ಕಿತ್ತು ತಾನೇ ಕಚ್ಚಿದಳು. ಹಲ್ಲು ಸಲೀಸಾಗಿ ಊರಿತು. ಇನ್ನೊಂದು ಕಚ್ಚಿದಳು. ಅದೂ ಹಾಗೆಯೇ.

"ಹಸಿ ಐತೆ. ಇನ್ನೆರಡು ಬಿಸಿಲು ಬೇಕು. ಈಗ ತುಂಬಿದ್ರೆ ಬೂಷ್ಟು ಹಿಡೀತದೆ."

ದಯಾನಂದ ತಾನೂ ಒಂದು ಕಚ್ಚಿ ನೋಡಿ ತಲೆಯಾಡಿಸಿದ. "ಆಯ್ತು ಅತ್ತಿಗೆ, ನಾಡಿದ್ದು ನಿಮಗೇ ತಂದು ತೋರುಸ್ತೀನಿ," ಎಂದು ಮೃತ್ಯುಂಜಯನ ಕಡೆ ನೋಡದೆ ಹೊರಟುಹೋದ.

ಮೃತ್ಯುಂಜಯ ಜಗಲಿಯ ಮೇಲೆ ಕುಳಿತ. ಅಂಗೈಯಲ್ಲಿದ್ದ ಹಲ್ಲನ್ನು ಹೊರಳಿಸಿ ನೋಡಿದ. "ಪುಷ್ಪಾ, ಈ ಹಲ್ಲು ಹೋದ್ವರ್ಷದಿಂದ್ಲೂ ಅಲ್ಲಾಡ್ತಿತ್ತು. ಅಲ್ಲಾಡೋ ಹಲ್ಲು ಹಸಿ ಬೀಜದಾಗೂ ಊರಕಿಲ್ಲ. ಹಂಗಾದ್ರೆ ಹೋದ್ವರ್ಷ ಊರೋರ್ಗೆಲ್ಲ ಒಣಗೈತೆ ಅಂದ್ನಲ್ಲ?"

ಹೋದ ವರ್ಷ ಮೂರು ಮನೆಯ ಕಾಫಿ ಬೂಷ್ಟು ಹಿಡಿದು ಹಾಳಾಗಿತ್ತು. ಊರವರೆಲ್ಲ ಮೋಡವನ್ನು ಬೈದಿದ್ದರು. ತಿಂಗಳಿನ ಸಿಟ್ಟೆಲ್ಲ ಪುಷ್ಪಾಳ ನಾಲಿಗೆಯ ತುದಿಗೆ ಬಂದಿತ್ತು. ಗಂಡನ ಮುಖ ನೋಡಿದಳು.

"ಹೋದ್ವರ್ಷ ಮೋಡ ಇತ್ತಲ್ರೀ," ಎಂದಳು. "ಬಾಯಿ ಮುಕ್ಕಳಿಸ್ಕಳಿ, ಹೋಗಿ."